ಸಾವಂತ್ರೆವ್ವ ಮೇಡಂ ಸುಮ್ಮನೆ ನಿಂತದ್ದು

ಅಧ್ಯಾಪಕರ ಕಾರ್ಯಾಗಾರದಲ್ಲಿ ಊಟದ ನಂತರವೂ ಒಂದು ಗೋಷ್ಠಿ ಇರಲಿ ಎಂದು ಮೊದಲು ಯಾರಿಗೆ ಹೊಳೆಯಿತೋ, ಅವರಿಗೆ ನಮ್ಮ ಕುಲದ ಮೇಲೆ ಹಳೆಯ ಸಿಟ್ಟಿರಬೇಕು. ಅವತ್ತು ಗೋಧಿ ಹುಗ್ಗಿ ಮಾಡಿಸಿದ್ದರು. ನಾನು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡಿದ್ದೆ. ಸಭಾಂಗಣದ ಮೆತ್ತನೆ ಕುರ್ಚಿಯಲ್ಲಿ ಕುಳಿತು ‘ಪರಿಣಾಮಕಾರಿ ಬೋಧನೆ’ಯನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಾಗ ಯಾರೋ ಪಕ್ಕೆಗೆ ತಿವಿದರು. ನಾಡಗೀತೆ ಶುರುವಾಯಿತೆಂದು ಗಡಬಡಿಸಿ ಎದ್ದು, ಕೈ ಇಳಿಬಿಟ್ಟು ನೆಟ್ಟಗೆ ನಿಂತೆ. ಹಾಡು ಕೇಳಿಸಲಿಲ್ಲ. ನಿಂತವನು ನಾನೊಬ್ಬನೇ. ತರಬೇತಿ ಕೊಡಲು ಬಂದಿದ್ದ ಆರತಿಯವರು ಆಗಷ್ಟೇ, “ಇನ್ನು ಕಲಿಯುವುದೇನೂ ಉಳಿದಿಲ್ಲ ಅನ್ನುವವರು ದಯವಿಟ್ಟು ಎದ್ದು ನಿಲ್ಲಿ” ಎಂದಿದ್ದರಂತೆ.

ಕುಳಿತ ಮೇಲೆ ಪಕ್ಕಕ್ಕೆ ನೋಡಿದೆ. ಅರ್ಥಶಾಸ್ತ್ರದ ಡಾ. ಸಾವಂತ್ರೆವ್ವ.

“ಏನ್ರಿ ಮೇಡಂ, ಹಿಂಗ ಮಾಡಿದ್ರಿ.”

“ಗೊರಕಿ ಹೊಡ್ಯಾಕತ್ತಿದ್ರಿ, ತಿವಿದೆ. ನಿಂದರ್ರಿ ಅಂತ ನಾ ಹೇಳಿಲ್ಲ,” ಎಂದವರು ಮತ್ತೆ ವೇದಿಕೆಯ ಕಡೆ ತಿರುಗಿದರು.

ಆ ಸಭಾಂಗಣದಲ್ಲಿ ಖರೇ ಕೇಳುತ್ತಿದ್ದವರು ಅವರೊಬ್ಬರೇ. ನಮಗೆಲ್ಲ ಬೇಕಿದ್ದದ್ದು ಬಡ್ತಿಗೆ ಲಗತ್ತಿಸುವ ಪ್ರಮಾಣಪತ್ರ. ಅವರಿಗೆ ಬೇಕಿದ್ದದ್ದು ಅವರ ಕ್ಲಾಸು.

ಸಾವಂತ್ರೆವ್ವ ಮೇಡಂ ಅಮ್ಮಿನಬಾವಿಯವರು. ಈಗ ನವನಗರದಲ್ಲಿ ಮನೆ. ಹೆಸರನ್ನು ಸಾವಿತ್ರಿ ಅಂತ ಮಾಡಿಕೊಳ್ಳಿ, ಚೆನ್ನಾಗಿರುತ್ತದೆ ಎಂದು ಹಿತೈಷಿಗಳು ಹೇಳಿದಾಗ, “ಯಾರಿಗೆ ಚೆನ್ನಾಗಿರತೈತ್ರಿ?” ಎಂದು ಕೇಳಿ, ಬಾಗಿಲಿನ ಫಲಕದ ಅಕ್ಷರಗಳನ್ನು ಇನ್ನಷ್ಟು ದಪ್ಪಗೆ ಬರೆಸಿದವರು. ಅವರು ಓದುವ ಕಾಲಕ್ಕೆ ಕನ್ನಡದಲ್ಲಿ ಅರ್ಥಶಾಸ್ತ್ರದ ಪುಸ್ತಕ ಸಿಗುವುದೇ ಕಷ್ಟವಿತ್ತು. ಗುರುಗಳು ಹೇಳಿ ಬರೆಸಿದ ನೋಟ್ಸೇ ಪುಸ್ತಕ. ಅದನ್ನೇ ಓದಿ ಇಲ್ಲಿಯವರೆಗೆ ಬಂದವರು. ಹೀಗಾಗಿ ತಾವು ಅಧ್ಯಾಪಕಿಯಾದ ಮೇಲೆ ಮಕ್ಕಳಿಗೆ ಕೊಡಬಹುದಾದ ದೊಡ್ಡ ಆಸ್ತಿ ನೋಟ್ಸೇ ಎಂದು ನಂಬಿ, ದಿನಾ ಬರೆಸಿದರು. ಕನ್ನಡ ವಿಭಾಗದ ನನ್ನ ಕೋಣೆಗೂ ಅವರ ಕ್ಲಾಸಿಗೂ ಒಂದೇ ಗೋಡೆ. “ಬೇಡಿಕೆ ಹೆಚ್ಚಾದಂತೆ, ಅಲ್ಪವಿರಾಮ, ಬೆಲೆಯೂ ಹೆಚ್ಚುತ್ತದೆ, ಪೂರ್ಣವಿರಾಮ” ಎಂಬ ದನಿ ಕೇಳಿ ಕೇಳಿ ನಾನೇ ಅರ್ಧ ಅರ್ಥಶಾಸ್ತ್ರಜ್ಞನಾಗಿದ್ದೆ. ಒಮ್ಮೆ ಅವರು ನಡುವೆ, “ಹಿಂದಿನ ಬೆಂಚಿನವರು ಗದ್ದಲ ಮಾಡಬ್ಯಾಡ್ರಿ” ಎಂದದ್ದನ್ನೂ ಮಕ್ಕಳು ಬರೆದುಕೊಂಡು, ಪರೀಕ್ಷೆಯಲ್ಲಿ ಬಂಡವಾಳದ ಲಕ್ಷಣಗಳಲ್ಲಿ ಒಂದಾಗಿ ಕೊಟ್ಟಿದ್ದರು.

ಕಾರ್ಯಾಗಾರಕ್ಕೆ ಕೆಲವು ದಿನ ಮೊದಲು ಆ ಉತ್ತರ ಪತ್ರಿಕೆ ಅವರ ವಿಭಾಗದ ಮುಖ್ಯಸ್ಥರಾದ ಕುಮಾರಸ್ವಾಮಿ ಸರ್ ಕೈಗೆ ಬಿತ್ತು. ಅವರು ಕೆಟ್ಟವರಲ್ಲ. ಕರೆದು, “ಮೇಡಂ, ಮೊದಲ ಸೆಮಿಸ್ಟರಿನ ಪೇಪರ್ ಕಲಿಸೂದು ಹೊಸಾ ಮೇಷ್ಟ್ರಿಗೆ ಕೊಡೂಣ್ರಿ. ನೀವು ಪರೀಕ್ಷಾ ಕೆಲಸ ನೋಡ್ಕೋರಿ, ಆರಾಮಿರತೈತಿ,” ಎಂದರು.

“ಆರಾಮ ಬೇಕಂತ ನಾ ಕೇಳಿಲ್ರಿ. ಕ್ಲಾಸಿನ್ಯಾಗ ಹುಡುಗ್ರು ಬಾಯಿ ಬಿಟ್ಟು ಮಾತಾಡಿದ್ರ ಪೇಪರ್ ನನ್ನ ಕಡೆ ಇರಲಿ. ಇಲ್ಲಾ ಅಂದ್ರ ನೀವ ತಗೋರಿ.”

ಕಾರ್ಯಾಗಾರ ಮುಗಿದ ಕೆಲವು ದಿನಕ್ಕೆ ಆರತಿಯವರು ಕಾಲೇಜಿಗೆ ಬಂದು ಎಲ್ಲರ ಒಂದೊಂದು ಕ್ಲಾಸು ನೋಡುವವರಿದ್ದರು. ಅವತ್ತೇ ತೀರ್ಮಾನ ಎಂದಾಯಿತು.

ಇತ್ತ ಸಭಾಂಗಣದಲ್ಲಿ ನನ್ನ ನಿದ್ದೆಯನ್ನು ಅವಮಾನ ಪೂರ್ತಿ ಓಡಿಸಿದ್ದರಿಂದ ಆಮೇಲಿನದು ನನಗೂ ಕೇಳಿಸಿತು. “ನಾವು ಪ್ರಶ್ನೆ ಕೇಳುತ್ತೇವೆ, ಮಕ್ಕಳು ಯೋಚಿಸುವ ಮೊದಲೇ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ,” ಎಂದರು ಆರತಿ. “ಕೇಳಿದ ಮೇಲೆ ಸುಮ್ಮನಿರಿ. ಕಾಯಿರಿ.”

ಸಾವಂತ್ರೆವ್ವ ಮೇಡಂ ಕೈ ಎತ್ತಿದರು. “ಎಷ್ಟೊತ್ತು ಕಾಯಬೇಕ್ರಿ?”

“ಉತ್ತರ ಬರುವವರೆಗೆ,” ಎಂದು ಆರತಿ ನಕ್ಕರು. ಅವರ ಮನಸ್ಸಿನಲ್ಲಿದ್ದದ್ದು ಅರ್ಧ ನಿಮಿಷ. ಮೇಡಂ ನಗಲಿಲ್ಲ.

ಮರುದಿನ ಗೋಡೆಯಾಚೆಯಿಂದ ಈರುಳ್ಳಿ ಬೆಳೆಯ ಬಗ್ಗೆ ಒಂದೇ ವಾಕ್ಯ ಬಂತು. “ಉಳ್ಳಾಗಡ್ಡಿ ಛಲೋ ಬಂದ ವರ್ಷನ ರೈತನ ಮಾರಿ ಯಾಕ ಸಣ್ಣದಾಗತೈತಿ?” ಆಮೇಲೆ ನಿಶ್ಶಬ್ದ. ಮಕ್ಕಳು ಪ್ರಶ್ನೆಯನ್ನು ನೀಟಾಗಿ ಬರೆದುಕೊಂಡು ಪೆನ್ನು ಹಿಡಿದು ಕಾದರಂತೆ. ಮೇಡಂ ಕಾದರು. ಗಂಟೆ ಹೊಡೆಯಿತು. ಅದರ ಮರುದಿನ ಅದೇ ಪ್ರಶ್ನೆ, ಅದೇ ಮೌನ. ಮೇಡಂ ವ್ರತ ಹಿಡಿದಿದ್ದಾರೆ, ಗಂಟಲಿಗೆ ಏನೋ ಆಗಿದೆ ಎಂದು ಕ್ಯಾಂಟೀನಿನಲ್ಲಿ ಸುದ್ದಿ. ನನಗಂತೂ ಆ ಮೌನದಲ್ಲಿ ಒಂದಕ್ಷರ ಓದಲಾಗುತ್ತಿರಲಿಲ್ಲ. ಜವಾನ ಬಾಬುಸಾಬ, ಒಳಗೆ ಯಾರೂ ಇಲ್ಲವೆಂದು ತಿಳಿದು ಒಂದು ದಿನ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದ. ಗಂಟೆ ಹೊಡೆದ ಮೇಲೆ ಇಡೀ ಕ್ಲಾಸು, “ಕಾಕಾ, ಬಾಗಲಾ ತಗೀರಿ” ಎಂದು ಕೂಗಿತು.

“ಬಾಯಿ ಅದಾವ ಅಂತ ಗೊತ್ತಾತು,” ಎಂದರು ಮೇಡಂ. ಮರುದಿನ ಮತ್ತೆ ಉಳ್ಳಾಗಡ್ಡಿ.

ತೀರ್ಮಾನದ ದಿನ ಹಿಂದಿನ ಬೆಂಚಿನಲ್ಲಿ ಆರತಿ, ಕುಮಾರಸ್ವಾಮಿ ಸರ್ ಕುಳಿತರು. ಕುತೂಹಲ ತಡೆಯದೆ ನಾನೂ ತೂರಿಕೊಂಡೆ. ಮೇಡಂ ಪ್ರಶ್ನೆ ಕೇಳಿ, ಮೇಜಿಗೆ ಒರಗದೆ, ಕೈ ಕಟ್ಟಿ ನಿಂತರು. ಫ್ಯಾನು ಕಿರುಗುಟ್ಟಿತು. ಆರತಿಯವರು ಎರಡು ಸಲ ವಾಚು ನೋಡಿಕೊಂಡರು. ಕುಮಾರಸ್ವಾಮಿ ಸರ್ ಕೆಮ್ಮಿದರು. ಮೇಡಂ ಕದಲಲಿಲ್ಲ. ಹಣೆಯ ಮೇಲೆ ಬೆವರು ಮೂಡಿದ್ದು ನನಗೆ ಕಾಣುತ್ತಿತ್ತು. ಕ್ಲಾಸು ಕೈತಪ್ಪುತ್ತಿರುವುದು ಅವರಿಗೆ ಗೊತ್ತಿಲ್ಲವೆಂದಲ್ಲ. ಒಂದು ಮಾತು, ‘ಬರ್ಕೋರಿ’ ಎಂದರೆ ಸಾಕು, ಎಲ್ಲರಿಗೂ ಬಿಡುಗಡೆ. ಅವರು ಅನ್ನಲಿಲ್ಲ.

ಮೇಷ್ಟರ ಜಾತಿಗೆ ತಡೆಯಲಾಗದ್ದು ಒಂದೇ, ಉತ್ತರವಿಲ್ಲದ ಪ್ರಶ್ನೆ. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು. “ಅಲ್ರಿ ಮೇಡಂ, ಬೆಳಿ ಹೆಚ್ಚಾದ್ರ ರೊಕ್ಕಾನೂ ಹೆಚ್ಚ ಬರತೈತಿ. ಮಾರಿ ಯಾಕ ಸಣ್ಣದಾಗಬೇಕು? ನಿಮ್ಮ ಪ್ರಶ್ನಿನ ತಪ್ಪೈತಿ.”

ಕಿಟಕಿ ಕಡೆ ಕುಳಿತಿದ್ದ ಭಾಗ್ಯಾ ಎಂಬ ಹುಡುಗಿ ಕಿಸಕ್ಕನೆ ನಕ್ಕಳು. “ಸರ್, ನೀವು ಯಾವತ್ತರ ಎಪಿಎಂಸಿಗೆ ಹೋಗೀರೇನ್ರಿ? ಎಲ್ಲಾರದೂ ಒಮ್ಮೆಲೆ ಬಂದು ಬಿದ್ರ ಯಾರ್ ಕೇಳ್ತಾರ್ರಿ?”

“ಇಟಗೊಂಡು ಆಮ್ಯಾಲ ಮಾರಬೇಕಲೇ,” ಎಂದ ಹಿಂದಿನವನೊಬ್ಬ.

“ಎಲ್ಲಿ ಇಡತಿ, ನಿಮ್ಮ ಹಾಸ್ಟೆಲ್ ರೂಮಿನ್ಯಾಗ? ಕೊಳಿತೈತಿ ಅದು,” ಎಂದಳು ಭಾಗ್ಯಾ.

“ಹಂಗಾದ್ರ ಮುಂದಿನ ವರ್ಷ ಎಲ್ಲಾರೂ ಉಳ್ಳಾಗಡ್ಡಿ ಬಿಟ್ಟು ಮೆಣಸಿನಕಾಯಿ ಹಾಕಿದ್ರ?” ಎಂದರು ಮೇಡಂ, ಮೆಲ್ಲಗೆ. ಮತ್ತೆ ಸುಮ್ಮನಾದರು.

ಈ ಸಲ ಕಾಯುವ ಪ್ರಸಂಗ ಬರಲಿಲ್ಲ. ಇಡೀ ಕ್ಲಾಸು ಎರಡು ಪಕ್ಷವಾಗಿ ಜಗಳಕ್ಕೆ ಬಿತ್ತು. ಎರಡೂ ಪಕ್ಷಗಳು ಒಪ್ಪಿದ್ದು, ಕನ್ನಡದ ಸರ್ ಹೇಳಿದ್ದು ತಪ್ಪು ಎಂಬುದೊಂದನ್ನೇ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಹೊರಗೆ ಬಂದ ಕುಮಾರಸ್ವಾಮಿ ಸರ್, “ಪೇಪರ್ ನಿಮ್ಮ ಕಡೇನ ಇರಲಿ ಬಿಡ್ರಿ,” ಎಂದರು. ಮೇಡಂ ಸೆರಗಿನಿಂದ ಹಣೆ ಒರೆಸಿಕೊಂಡು, “ಹೂಂ,” ಎಂದರು. ಅಷ್ಟೇ.

ಕ್ಯಾಂಟೀನಿನಲ್ಲಿ ಚಹಾ ಹೀರುತ್ತಾ ನಾನು ಕೇಳಿದೆ. “ಖರೇ ಹೇಳ್ರಿ ಮೇಡಂ, ಇವತ್ತೂ ಯಾರೂ ಬಾಯಿ ಬಿಡದಿದ್ರ ಏನ್ ಮಾಡ್ತಿದ್ರಿ?”

ಅವರು ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿದ್ದ ಚಹಾವನ್ನು ಮತ್ತೆ ಕಪ್ಪಿಗೆ ಸುರಿದುಕೊಂಡರು.

“ಸೆಮಿಸ್ಟರ್ ಮುಗಿಯಾಕ ಇನ್ನೂ ಭಾಳ ಟೈಮ್ ಐತಲ್ರಿ.”