ಏಕಾದಶಿಯ ರಕ್ತದಲ್ಲಿ ಹಸಿರು ಬೆಳಕು

ಹುರಿದ ಶೇಂಗಾಬೀಜದ ವಾಸನೆಗೆ ಜೀರಿಗೆಯ ಒಗ್ಗರಣೆ ಕೂಡಿ, ಅದರ ಮೇಲೆ ತುಪ್ಪದ ಪರಿಮಳ ಹರಡಿತೆಂದರೆ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಪಂಚಾಂಗ ತೆರೆಯಬೇಕಾಗಿಲ್ಲ, ಅಂದು ಏಕಾದಶಿ. ಇಂದೂ ಆ ಪರಿಮಳ ಅಡುಗೆಮನೆಯಿಂದ ದೇವರ ಕೋಣೆಗೆ ನುಸುಳಿ ಬಂದು, ಜಪಕ್ಕೆ ಕುಳಿತ ನನ್ನ ಬೆರಳನ್ನು ತುಳಸಿಮಣಿಯ ಮೇಲೆಯೇ ನಿಲ್ಲಿಸಿಬಿಟ್ಟಿತು. ಮನೆಯಾಕೆ ಸಾಬೂದಾಣಿ ಖಿಚಡಿ ಮಾಡುತ್ತಿದ್ದಾಳೆ. ವಿಚಿತ್ರವೆಂದರೆ ಅದನ್ನು ತಿನ್ನುವವರು ಇಂದು ಈ ಮನೆಯಲ್ಲಿ ಯಾರೂ ಇಲ್ಲ. ಮತ್ತೇಕೆ ಬೇಯುತ್ತಿದೆ ಎಂದು ಕೇಳುವಿರಾದರೆ, ಓದುಗ ಮಿತ್ರರೇ, ತುಸು ಕುಳಿತುಕೊಳ್ಳಿ. ಮುದುಕನ ಮಾತು ನೇರ ದಾರಿ ಹಿಡಿಯುವುದಿಲ್ಲ.

ನಾನು ಬಹುಕಾಲ ಕಮಲಾಪುರದ ಶಾಲೆಯಲ್ಲಿ ಸಂಸ್ಕೃತ ಕಲಿಸಿದವನು. ನನ್ನ ಕೈಯಲ್ಲಿ ಕಲಿತವರಲ್ಲಿ ಮಹಬೂಬ ಎಂಬವನೊಬ್ಬ. ವಿಭಕ್ತಿಗಳು ಅವನ ನಾಲಿಗೆಗೆ ಒಲಿಯಲಿಲ್ಲ. ಊರಿನ ಕೆಂಪು ಬಾಳೆ ಮಾತ್ರ ಅವನ ಕೈಗೆ ಒಲಿಯಿತು. ಅವನ ಮಗಳು ನಸ್ರೀನ್ ಕಲಬುರಗಿಯ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿದಾಗ, "ಗುರುಗಳ, ಆಕಿ ಮ್ಯಾಲ ಒಂದ್ ಕಣ್ಣ ಇಡ್ರಿ" ಎಂದು ಒಪ್ಪಿಸಿ ಹೋಗಿದ್ದ. ಕಣ್ಣಿಡುವುದಕ್ಕೆ ನಾನೇನು ಮಾಡಬೇಕಾಗಿತ್ತು? ರವಿವಾರಕ್ಕೊಮ್ಮೆ ಬಾಳೆಹಣ್ಣಿನ ಚೀಲ ಹಿಡಿದು ಅವಳೇ ಬರುತ್ತಿದ್ದಳು. ಹೊಸ್ತಿಲು ದಾಟುವ ಮೊದಲೇ ಮನೆಯಾಕೆಯನ್ನು "ಆಯಿ, ಚಹಾ!" ಎಂದು ಕೂಗುತ್ತಿದ್ದಳು. ನನ್ನನ್ನು "ಮಾಸ್ತರ" ಎನ್ನುತ್ತಿದ್ದಳು, ಅಪ್ಪನಂತೆ ಗುರುಗಳೆನ್ನದೆ. ಅಷ್ಟರಮಟ್ಟಿಗೆ ನನ್ನ ಗೌರವ ಒಂದು ತಲೆಮಾರಿನಲ್ಲಿ ಕರಗಿತ್ತು.

ಅವಳ ಸಂಶೋಧನೆ ಏನೆಂದು ಒಮ್ಮೆ ಕೇಳಿದೆ. ರಕ್ತದಲ್ಲಿ ಕೊಬ್ಬನ್ನು ಹೊತ್ತು ತಿರುಗುವ ಸೂಕ್ಷ್ಮ ಕಣಗಳಿವೆಯಂತೆ. ಒಂದು ಕಣ ತನ್ನಲ್ಲಿರುವ ಕೊಲೆಸ್ಟರಾಲನ್ನು ಮತ್ತೊಂದಕ್ಕೆ ದಾಟಿಸುತ್ತದಂತೆ. ನಡುವೆ ಒಂದು ಪ್ರೋಟೀನು ಹಮಾಲನಂತೆ ಹೊತ್ತು ಸಾಗಿಸುತ್ತದಂತೆ. ಆ ದಾಟುವಿಕೆಯನ್ನು ಬೆಳಕಿನಿಂದ ಅಳೆಯುವುದು ಅವಳ ಕೆಲಸ.

"ಬೆಳಕಿನಿಂದ ಕೊಬ್ಬು ಅಳೆಯುವುದು ಹೇಗಮ್ಮ?" ಎಂದೆ.

ಅವಳು ಆಯಿಯಿಂದ ಚಿಟಿಕೆ ಅರಿಶಿನ ಬೇಡಿ, ತನ್ನ ಚೀಲದಲ್ಲಿದ್ದ ಸ್ಪಿರಿಟಿನಲ್ಲಿ ಕದಡಿ, ಕಿಟಕಿ ಮುಚ್ಚಿ, ನೇರಳೆ ಬೆಳಕು ಬೀರುವ ಪುಟ್ಟ ಬ್ಯಾಟರಿಯೊಂದನ್ನು ಅದರತ್ತ ಹಿಡಿದಳು. ಪ್ರತಿದಿನ ಹೊಸ್ತಿಲಿಗೆ ಬಳಿಯುವ ಅರಿಶಿನ ಹಸಿರುಹಳದಿಯಾಗಿ ತನ್ನಷ್ಟಕ್ಕೆ ತಾನೇ ಉರಿಯತೊಡಗಿತು. ನನ್ನ ಕೈಗಳು ತಾವಾಗಿ ಕೂಡಿಕೊಂಡವು.

"ಒಂದು ಬಣ್ಣದ ಬೆಳಕ ನುಂಗಿ ಇನ್ನೊಂದು ಬಣ್ಣದ್ದು ಹೊರಗ ಬಿಡ್ತದ, ಮಾಸ್ತರ. ಹಿಂಗ ಹೊಳೆಯೋ ಬಾಲ ಕಟ್ಟಿದ ಕೊಲೆಸ್ಟರಾಲ್ ನಮ್ಮ ಹತ್ರ ಅದ. ಅದನ್ನ ಒಂದ ಕಣದಾಗ ಗಿಚ್ಚಾಗಿ ತುಂಬಿದ್ರ ಹೊಳಿಯಂಗಿಲ್ಲ. ಒಂದರ ಬೆಳಕ ಮಗ್ಗಲದ್ದು ನುಂಗ್ತದ. ಅಲ್ಲಿಂದ ಒಂದೊಂದೇ ಎದ್ದು ಬ್ಯಾರೆ ಕಣಕ್ಕ ಹೋಯ್ತಂದ್ರ, ಜಾಗ ಸಿಕ್ತದ, ಹೊಳೀತದ. ಬೆಳಕ ಏರಿದಷ್ಟೂ ದಾಟ್ಯದ ಅಂತ ಲೆಕ್ಕ."

ಇಕ್ಕಟ್ಟಿನಲ್ಲಿ ಒಂದನ್ನೊಂದು ನುಂಗುವ ಬೆಳಕು! ನನ್ನ ತಲೆಯೊಳಗೆ ಬಾಲ್ಯದಿಂದ ತುಂಬಿಟ್ಟ ಸ್ತೋತ್ರಗಳೆಲ್ಲ ನೆನಪಾದವು. ಅವೂ ಹಾಗೆಯೇ ಒತ್ತಾಗಿ ಕುಳಿತಿವೆ. ಯಾರಾದರೂ ಕೇಳಿದಾಗ ಒಂದೂ ಹೊರಗೆ ಹೊಳೆಯುವುದಿಲ್ಲ.

"ಕೊಬ್ಬು ಎಷ್ಟಿದೆ ಎಂದು ಆಸ್ಪತ್ರೆಯಲ್ಲೇ ಹೇಳುತ್ತಾರಲ್ಲ?" ಎಂದೆ.

ಅವಳು ಬ್ಯಾಟರಿ ಆರಿಸಿದಳು. "ಅಮ್ಮೀಗೂ ಹೇಳಿದ್ರು. ರಿಪೋರ್ಟ್ ಛಲೋ ಅದ ಅಂದ್ರು. ಹಬ್ಬದ ಮುಂಜಾನೆ ಎದಿ ಹಿಡಕೊಂಡು ಕುಂತಾಕಿ ಏಳಲಿಲ್ಲ. ಎಷ್ಟದ ಅನ್ನೋದು ಎಲ್ಲಾರೂ ಅಳೀತಾರ, ಮಾಸ್ತರ. ಎಲ್ಲಿಂದ ಎಲ್ಲಿಗಿ, ಎಷ್ಟ ಲಗೂನ ಹೊಂಟದ ಅನ್ನೋದು ನಾ ನೋಡಬೇಕು."

ಅದಾದ ಮೇಲೆ ಆ ವಿಷಯದಲ್ಲಿ ನಾನು ಹಾಸ್ಯ ಮಾಡಲಿಲ್ಲ.

ಅಳೆಯುವ ಯಂತ್ರ ಅವಳ ಕಾಲೇಜಿನದಲ್ಲ, ಹೈದರಾಬಾದಿನಿಂದ ಎರವಲು ಬಂದದ್ದು. ಆ ವಾರದ ಕೊನೆಗೆ ಹಿಂದಿರುಗಬೇಕಿತ್ತು. ಅಷ್ಟರಲ್ಲಿ ವಯಸ್ಸಾದವರ ರಕ್ತದಲ್ಲಿ ತನ್ನ ವಿಧಾನ ನಡೆಯುತ್ತದೆಂದು ತೋರಿಸದಿದ್ದರೆ, ಮತ್ತೆ ಯಂತ್ರ ಯಾವಾಗ ಸಿಗುವುದೋ ತಿಳಿಯದು. ಮಾಡಿದ ಕೆಲಸವೆಲ್ಲ ಅರ್ಧಕ್ಕೆ ನಿಲ್ಲುತ್ತಿತ್ತು. ಒಂದೇ ಷರತ್ತು: ರಕ್ತ ಕೊಡುವವರು ಖಾಲಿಹೊಟ್ಟೆಯಲ್ಲಿರಬೇಕು.

"ನಾಳೆ ಏಕಾದಶಿ," ಎಂದೆ, ಧನ್ಯತೆಯಿಂದ. "ನಮ್ಮ ಭಜನಾ ಮಂಡಳಿ ಪೂರ್ತಿ ಉಪವಾಸ."

ಅವಳ ಮುಖ ಅರಳಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ, ಕಾಲೇಜಿನ ಅನುಮತಿಯೊಂದಿಗೆ, ನರ್ಸಮ್ಮನೊಬ್ಬಳನ್ನು ಕರೆದುಕೊಂಡು ನಮ್ಮ ಪಡಸಾಲೆಗೆ ಬಂದಳು. ವಿಠ್ಠಲನಾಮ ಹೇಳುತ್ತ ಒಬ್ಬೊಬ್ಬರೇ ತೋಳು ಚಾಚಿದೆವು. ಮಂಡಳಿಯ ತಾಳದ ಭೀಮರಾಯ, "ತಂಗಿ, ನನ್ನ ರಕ್ತದಾಗ ಬರೀ ಭಕ್ತಿ ಅದ, ಕೊಬ್ಬು ಸಿಗಂಗಿಲ್ಲ" ಎಂದು ಎಲ್ಲರನ್ನೂ ನಗಿಸಿದ.

ಸಂಜೆ ನಸ್ರೀನ್ ಮುಖ ಬಾಡಿಸಿಕೊಂಡು ಬಂದಳು. ರಕ್ತವನ್ನು ಗಿರಗಿರನೆ ತಿರುಗಿಸಿ ಬೇರ್ಪಡಿಸಿದ ಮೇಲೆ ತಿಳಿಯಾಗಿರಬೇಕಾದ ದ್ರವ, ಪ್ರತಿಯೊಂದು ನಳಿಕೆಯಲ್ಲೂ ಬಿಳುಪಾಗಿ ನಿಂತಿತ್ತಂತೆ. ಬೆಳಕು ಅದರೊಳಗೆ ಚೆಲ್ಲಾಪಿಲ್ಲಿಯಾಗಿ ಯಂತ್ರ ಏನೇನೋ ತೋರಿಸಿತಂತೆ.

"ರಕ್ತ ಹಾಲಿನಂಗ ಆಗ್ಯದ, ಮಾಸ್ತರ! ಖರೇ ಹೇಳ್ರಿ, ಮುಂಜಾನಿಂದ ಏನ್ ತಿಂದೀರಿ?"

"ಏನೂ ಇಲ್ಲಮ್ಮ. ಉಪವಾಸ," ಎಂದೆ ನಾನು, ಸಂಪೂರ್ಣ ಪ್ರಾಮಾಣಿಕತೆಯಿಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. "ಏನೂ ಇಲ್ಲವ್ವಾ. ಎರಡ್ ಸಲ ಖಿಚಡಿ, ತುಪ್ಪ ಮ್ಯಾಲ. ಶೇಂಗಾದ ಉಂಡಿ. ಕೆನಿ ಹಾಲು. ಮಂಡಳಿಗೆ ಡಬ್ಬಿ ತುಂಬಿ ನಾನೇ ಕಳಿಸೀನಿ. ಉಳಿದ ದಿನಕಿಂತ ಏಕಾದಶಿ ದಿನಾನೇ ಇವರು ಭಾಳ ತಿಂತಾರ!"

ನಸ್ರೀನ್ ಕುರ್ಚಿಯಲ್ಲಿ ಕುಸಿದಳು. "ಕಮಲಾಪುರದಾಗ ನಮ್ಮ ಮಗ್ಗಲ ಮನಿ ಅಜ್ಜಿ ಏಕಾದಶಿಗಿ ನೀರೂ ಮುಟ್ತಿರಲಿಲ್ಲ. ಎಲ್ಲಾರದೂ ಹಂಗೇ ಅಂತ ತಿಳಕೊಂಡೆ. ನಂದೂ ತಪ್ಪದ, ಕೇಳಬೇಕಿತ್ತು." ನಗಲು ಹೋದವಳ ಕಣ್ಣು ತುಂಬಿತು. "ಯಂತ್ರ ಹೋಗ್ತದ, ಆಯಿ."

ಅನ್ನ ಬಿಟ್ಟರೆ ಉಪವಾಸವೆಂದು ತಲೆತಲಾಂತರದಿಂದ ನಂಬಿದವರು ನಾವು. ಆ ನಂಬಿಕೆಯಲ್ಲಿ ಕಪಟವಿರಲಿಲ್ಲ, ತುಪ್ಪವಿತ್ತು, ಅಷ್ಟೇ.

ಪರಿಹಾರ ಹೊಳೆದದ್ದು ಮನೆಯಾಕೆಗೆ. "ಈಗ ರಂಜಾನ್ ನಡದದಲ್ಲ? ನಿಮ್ಮ ಊರಾಗಿನ ಹಿರ್ಯಾರು ಸಂಜಿತನಕ ಗುಟುಕು ನೀರೂ ಕುಡಿಯಂಗಿಲ್ಲಲ್ಲ?"

ನಸ್ರೀನ್ ತಲೆಯೆತ್ತಿದಳು. ಕಣ್ಣೆದುರಿಗಿದ್ದದ್ದು ಅವಳಿಗೇ ಕಂಡಿರಲಿಲ್ಲ. ಅವಳೂ ಅಂದು ರೋಜಾದ ಉಪವಾಸದಲ್ಲಿದ್ದಳು.

ದ್ವಾದಶಿಯ ಪಾರಣೆ ಮುಗಿಸಿ, ಅದರ ಮರುದಿನ ನಾನೂ ಭೀಮರಾಯನೂ ಅವಳ ಮತ್ತು ನರ್ಸಮ್ಮನ ಜೊತೆ ಕಮಲಾಪುರದ ಬಸ್ಸು ಹತ್ತಿದೆವು. ಬೆಳಗಿನಿಂದ ನಾವಿಬ್ಬರು ಮುದುಕರೂ ಏನೂ ತಿಂದಿರಲಿಲ್ಲ. ನೀರನ್ನು ಮಾತ್ರ ನಸ್ರೀನ್ ಗದರಿಸಿ ಕುಡಿಸುತ್ತಿದ್ದಳು. "ನೀರಿನಿಂದ ನನ್ನ ಪ್ರಯೋಗ ಕೆಡಂಗಿಲ್ರೀ. ನೀವು ಬಿದ್ರ ಕೆಡ್ತದ." ಹಸಿವೆಂದರೇನೆಂದು ಆ ದಿನ ತಿಳಿಯಿತು. ಬಸ್ಸಿನ ಕಿಟಕಿಯಿಂದ ಕಂಡ ಪ್ರತಿಯೊಂದು ಬಾಳೆಗೊನೆಯೂ ನನ್ನ ವೈರಾಗ್ಯವನ್ನು ಪರೀಕ್ಷಿಸಿತು.

ಮಹಬೂಬನ ಅಂಗಳದಲ್ಲಿ ಬೇವಿನ ನೆರಳಿಗೆ ಚಾಪೆ ಹಾಸಿತ್ತು. ಓಣಿಯ ಹಿರಿಯರು, ಇಷ್ಟು ರಕ್ತ ತೆಗೆದರೆ ರೋಜಾ ಮುರಿಯುವುದಿಲ್ಲವೆಂದು ಮೌಲ್ವಿಗಳನ್ನು ಕೇಳಿಕೊಂಡೇ ಬಂದು ಕುಳಿತಿದ್ದರು. ಬತ್ತಿದ ತುಟಿ, ಶಾಂತವಾದ ಕಣ್ಣು. ಅವರ ಸಾಲಿನಲ್ಲಿ ನಾನೂ ತೋಳು ಚಾಚಿದೆ.

ಮಹಬೂಬ ನನ್ನ ಪಕ್ಕ ಕುಳಿತು ಕಣ್ಣು ಮಿಟುಕಿಸಿದ. "ರಾಮ ಶಬ್ದ ಬಾಯಿಪಾಠ ಆಗೋತನಕ ನನ್ನ ಊಟಕ್ಕ ಬಿಡ್ತಿರಲಿಲ್ಲ ನೀವು. ಇವತ್ತ ನನ್ನ ಮಗಳು ನಿಮ್ಮನ್ನ ಉಪವಾಸ ಕೂಡಿಸ್ಯಾಳ. ಚುಕ್ತಾ ಆಯ್ತಲ್ರೀ ಗುರುಗಳ?"

"ಇನ್ನೂ ಇಲ್ಲ," ಎಂದೆ. "ಷಷ್ಠೀ ವಿಭಕ್ತಿ ಹೇಳು."

ಅವನು ನಗುತ್ತ ಎದ್ದು ಹೋದ. ಮಸೀದಿಯ ಕೂಗು ಕೇಳಿಬಂದಾಗ ಅವರು ಖರ್ಜೂರ ತೆಗೆದುಕೊಂಡರು. ನನ್ನ ಕೈಗೆ ಅವನೇ ಒಂದು ಕೆಂಪು ಬಾಳೆಹಣ್ಣು ಸುಲಿದುಕೊಟ್ಟ. ದೇವರ ಪ್ರಸಾದವನ್ನು ಬಹಳ ಸಲ ಕೈಚಾಚಿ ಪಡೆದಿದ್ದೇನೆ. ಅಷ್ಟು ಹಸಿದು ಪಡೆದದ್ದು ಅಂದೇ ಮೊದಲು.

ಮರುದಿನ ಅವಳ ಪ್ರಯೋಗಶಾಲೆಗೆ ನನ್ನನ್ನೂ ಕರೆದಳು. ಈ ಬಾರಿ ನಳಿಕೆಗಳಲ್ಲಿ ನಿಂತ ದ್ರವ ತಿಳಿಹೊನ್ನಿನ ಬಣ್ಣದ್ದು, ಆಚೆಯದು ಕಾಣುವಷ್ಟು ಸ್ವಚ್ಛ. ಹೊಳೆಯುವ ಕೊಬ್ಬನ್ನು ಗಿಚ್ಚಾಗಿ ತುಂಬಿದ ಕಣಗಳನ್ನು ಅದಕ್ಕೆ ಬೆರೆಸಿ ಯಂತ್ರದೊಳಗಿಟ್ಟಳು. ಒಳಗೆ ನೀಲಿ ಬೆಳಕು ಹೋಗುತ್ತದೆ, ಹಸಿರು ಬೆಳಕು ಬರಬೇಕು ಎಂದಳು. ಪರದೆಯ ಮೇಲೆ ಒಂದು ಗೆರೆ ಕೆಳಗೆ ಮಲಗಿತ್ತು. ನಾನು ಒಳಗೊಳಗೇ ವಿಠ್ಠಲನನ್ನು ಕರೆದೆ. ಅವಳ ತುಟಿಗಳೂ ಅಲುಗುತ್ತಿದ್ದವು.

ಗೆರೆ ಮೆಲ್ಲಗೆ ತಲೆ ಎತ್ತಿತು. ನಡುಗದೆ, ಹಾರದೆ, ಕೋಟೆಯ ದಿಬ್ಬ ಏರುವವರಂತೆ ಏರುತ್ತಲೇ ಹೋಯಿತು.

"ಹೊಂಟದ, ಮಾಸ್ತರ," ಎಂದಳು ನಸ್ರೀನ್. ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಮತ್ತೊಮ್ಮೆ, ನನಗಲ್ಲದೆ ಬೇರೆ ಯಾರಿಗೋ ಹೇಳುವಂತೆ, "ಹೊಂಟದ, ಅಮ್ಮೀ."

ಆ ವಾರದ ಕೊನೆಗೆ ಯಂತ್ರ ಹೈದರಾಬಾದಿಗೆ ಮರಳಿತು. ಅವಳಿಗೆ ಬೇಕಾದದ್ದು ಅಷ್ಟರಲ್ಲಿ ದಕ್ಕಿತ್ತು.

ನಸ್ರೀನ್ ಈಗ ಇದೇ ಊರಿನಲ್ಲಿ ಪಾಠ ಹೇಳುತ್ತಾಳೆ, ನಮ್ಮಿಂದ ಎರಡು ಓಣಿ ಆಚೆ ಮನೆ. ಇಂದಿನ ಏಕಾದಶಿಯೂ ರಂಜಾನಿನಲ್ಲಿಯೇ ಬಂದಿದೆ. ನಾನೂ ಮನೆಯಾಕೆಯೂ ಈಗ ಏಕಾದಶಿಗೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. "ಇನ್ಯಾರು ನಿಮ್ಮ ರಕ್ತ ತಗೋಳ್ಳಾಕ ಬರ್ತಾರ, ತಿನ್ನರಿ" ಎಂದು ಮೊದಮೊದಲು ಅಣಕಿಸುತ್ತಿದ್ದ ಮನೆಯಾಕೆಯೂ ಯಾವಾಗಲೋ ಸದ್ದಿಲ್ಲದೆ ನನ್ನ ಜೊತೆ ಸೇರಿಕೊಂಡಳು. ಖಿಚಡಿ ಮಾಡುವುದನ್ನು ಮಾತ್ರ ಬಿಟ್ಟಿಲ್ಲ.

"ಜಪ ಸಾಕ್ರೀ," ಎಂದು ಈಗ ಕೂಗುತ್ತಿದ್ದಾಳೆ. "ಹೊತ್ತು ಮುಳುಗಾಕ ಬಂತು. ಹುಡುಗಿ ರೋಜಾ ಬಿಡೋ ಹೊತ್ತಿಗಿ ಬಿಸಿ ಇರಬೇಕು, ಲಗೂ ಕೊಟ್ಟು ಬರ್ರಿ."

ಮಾಲೆಯನ್ನು ದೇವರ ಮುಂದಿಟ್ಟು ಏಳುತ್ತೇನೆ. ಡಬ್ಬಿ ಅಂಗೈಗೆ ಬಿಸಿಯಾಗಿದೆ. ಬಾಗಿಲು ತೆರೆಯುವವಳು ನಮಸ್ಕಾರಕ್ಕೂ ಮೊದಲು ಏನು ಕೇಳುತ್ತಾಳೆಂದು ಬಲ್ಲೆ: "ಮಾಸ್ತರ, ಇವತ್ತೇನ್ ತಿಂದೀರಿ?"

ಹಸಿದ ಹೊಟ್ಟೆಯಲ್ಲಿ, ತುಪ್ಪದ ಪರಿಮಳ ಹೊತ್ತು, ಉತ್ತರವನ್ನು ಬಾಯಲ್ಲಿಟ್ಟುಕೊಂಡು ಓಣಿ ದಾಟುತ್ತಿದ್ದೇನೆ.