ಭಾನುವಾರದ ನೆಲಮಾಳಿಗೆ

ನಮ್ಮ ಮೊದಲ ಮಗು ತೀರಿಹೋದ ವರ್ಷ ನಾನು ಚಿನ್ನದ ಗಣಿ ಸೀಮೆಯ ರಾಬರ್ಟ್‌ಸನ್‌ಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಿಕೊಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಸ್ಟೇಷನ್ನಿಗೆ ಸೈಕಲ್ಲು, ಅಲ್ಲಿಂದ ಉರಿಗಾಮಿಗೆ ರೈಲು, ಆಮೇಲೆ ಪೇಟೆಗೆ ನಡಿಗೆ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು.

ಮಗು ಎಂಟನೇ ತಿಂಗಳಲ್ಲೇ ಹುಟ್ಟಿತು. ಉಸಿರಾಡಲಿಲ್ಲ. ಗಂಡು ಮಗು. ಆಸ್ಪತ್ರೆಯವರು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಾನೂ ನಮ್ಮ ಚಿಕ್ಕಪ್ಪನೂ ಕೆರೆಯಂಚಿನಲ್ಲಿ ಮಣ್ಣು ಮಾಡಿ ಬಂದೆವು. ಮಣ್ಣು ಅಗೆದದ್ದರಲ್ಲಿ ನನಗೆ ಸರಿಯಾಗಿ ನೆನಪಿರುವುದು ಗುದ್ದಲಿಯ ಕಾವು ಸಡಿಲವಾಗಿದ್ದದ್ದು ಮಾತ್ರ. ಪ್ರತಿ ಏಟಿಗೂ ಅದು ಅಲುಗುತ್ತಿತ್ತು, ಇದಕ್ಕೆ ಒಂದು ಚಕ್ಕೆ ಹೊಡೆಯಬೇಕು ಅಂದುಕೊಂಡೆ.

ಆಮೇಲೆ ಊಟ ಮಾಡಿದೆ, ನಿದ್ದೆ ಮಾಡಿದೆ, ಕೆಲಸಕ್ಕೆ ಹೋದೆ. ಸೆಂಟರಿನಲ್ಲಿ ಹುಡುಗರು ಪ್ರಶ್ನೆ ಕೇಳಿದರೆ ಸರಿಯಾಗೇ ಉತ್ತರ ಹೇಳುತ್ತಿದ್ದೆ. ರೈಲಿನಲ್ಲಿ ಯಾರಾದರೂ ಜೋಕು ಹೇಳಿದರೆ ನಗುವ ಜಾಗದಲ್ಲಿ ನಗುತ್ತಿದ್ದೆ. ಅಷ್ಟು ಬಿಟ್ಟರೆ ಮೈಯೊಳಗೆ ಏನೂ ನಡೆಯುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದಾಗ ಕೆನ್ನೆ ಇರುತ್ತದಲ್ಲ, ಹಾಗೆ. ಮುಟ್ಟಿದರೆ ಕೆನ್ನೆ ಇದೆ ಎಂದು ಕೈಗೆ ಗೊತ್ತಾಗುತ್ತದೆ, ಕೆನ್ನೆಗೆ ಗೊತ್ತಾಗುವುದಿಲ್ಲ.

ನನ್ನ ಹೆಂಡತಿ ಬೇತಮಂಗಲದ ಕಡೆಯವಳು. ಮದುವೆಯಾಗಿ ಬಂದಾಗ ಮನೆ ತುಂಬ ಮಾತಾಡುತ್ತಿದ್ದಳು, ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದಳು. ಈಗ ಹಸು ಕರೆದು ಡೈರಿಗೆ ಹಾಲು ಹಾಕಿ ಬಂದಮೇಲೆ ನಡುಮನೆಯಲ್ಲಿ ಕೂತರೆ ಕೂತೇ ಇರುತ್ತಿದ್ದಳು. ಬಾಗಿಲ ಮುಂದೆ ರಂಗೋಲಿ ಬಿಡುವುದನ್ನೂ ನಿಲ್ಲಿಸಿದ್ದಳು. ನಮ್ಮಮ್ಮ ಸೊಂಟ ಹಿಡಿದುಕೊಂಡೇ ಬಗ್ಗಿ ಎರಡು ಗೆರೆ ಎಳೆದು ಒಳಗೆ ಬರುತ್ತಿದ್ದಳು. ನಾನೂ ಹೆಂಡತಿಯೂ ಜಗಳವಾಡಲಿಲ್ಲ. ಮಾತೂ ಆಡಲಿಲ್ಲ. ನೀರು ಕೊಡು, ಉಪ್ಪು ಸಾಕಾ, ಕರೆಂಟು ಬಂತಾ, ಇಷ್ಟೇ.

ಸೆಂಟರಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರಿತ್ತು. ಆಸ್ಟ್ರೇಲಿಯಾಕ್ಕೆ ಹೊರಟ ಒಂದು ಆಂಗ್ಲೋ ಇಂಡಿಯನ್ ಮನೆಯವರಿಂದ ನಮ್ಮ ಮಾಲೀಕರು ಅದನ್ನು ಮೇಜಿನ ಸಮೇತ ಕೊಂಡು ತಂದಿದ್ದರು. ಜೊತೆಯಲ್ಲಿ ಬಂದ ಬಿಸ್ಕತ್ತಿನ ಡಬ್ಬಿಯಲ್ಲಿ ಅಗಲವಾದ ಫ್ಲಾಪಿ ಡಿಸ್ಕುಗಳಿದ್ದವು. ಅದರಲ್ಲಿ ಒಂದು ಆಟ. ಅದು ಆಗಲೇ ಹತ್ತು ಹದಿನೈದು ವರ್ಷ ಹಳೆಯದು. ಆರು ಜನರ ತಂಡ ಕಟ್ಟಿಕೊಂಡು ನೆಲಮಾಳಿಗೆಯೊಂದಕ್ಕೆ ಇಳಿಯಬೇಕು. ಕೆಳಗೆ ಇಳಿದಷ್ಟೂ ಮತ್ತೊಂದು ಅಂತಸ್ತು, ಎಲ್ಲಕ್ಕಿಂತ ಕೆಳಗೆ ಒಬ್ಬ ಮಾಂತ್ರಿಕ. ಅವನನ್ನು ಕೊಲ್ಲಬೇಕು. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳೇ ಗೋಡೆ, ಗೆರೆಗಳೇ ಬಾಗಿಲು. ಉಳಿದದ್ದೆಲ್ಲ ಅಕ್ಷರ.

ಆ ಕಂಪ್ಯೂಟರನ್ನು ಯಾರೂ ಮುಟ್ಟುತ್ತಿರಲಿಲ್ಲ. "ಅದನ್ನ ಇನ್ನು ಯಾರು ಸಾರ್ ತಗೋತಾರೆ? ನೀವೇ ಏನಾದ್ರೂ ಮಾಡ್ಕೊಳ್ಳಿ" ಅಂದಿದ್ದರು ಮಾಲೀಕರು. ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಭಾನುವಾರ ಸೆಂಟರಿಗೆ ರಜ. ಮನೆಯಲ್ಲಿ ಕೂರಲಾಗದೆ ನಾನು ಭಾನುವಾರವೂ ರೈಲು ಹತ್ತಿ ಹೋಗಿ ಆ ಆಟ ಆಡತೊಡಗಿದೆ. ತಂಡದವರಿಗೆ ಹೆಸರಿಡಿ ಎಂದು ಅದು ಕೇಳಿತು. ಯೋಚಿಸಲು ಮನಸ್ಸಾಗಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಅಕ್ಷರ ಒತ್ತಿ ಮುಂದೆ ಹೋದೆ.

ಒಂದು ಭಾನುವಾರ ಸೈಕಲ್ಲು ಹೊರಗೆ ತೆಗೆಯುವಾಗ ಅಮ್ಮ ಅಡ್ಡ ನಿಂತಳು.

"ಲೇ, ಎಲ್ಲಿಗ್ಲಾ ಓಗ್ತೀಯ ರಜದ ದಿನಾನೂ?"

"ಕೆಲ್ಸ ಐತಮ್ಮ."

"ಕೆಲ್ಸ ಇರ್ಲಿ, ಇಲ್ದೇ ಇರ್ಲಿ. ಅವುಳ್ನೂ ಕರ್ಕೊಂಡೋಗು. ನೀನು ಓದ್ಮೇಲೆ ಗೋಡೆ ನೋಡ್ಕೊಂಡು ಕುಂತಿರ್ತಾಳೆ ಕಣ್ಲಾ. ನನ್ ಕೈಲಿ ನೋಡೋಕಾಗಲ್ಲ."

ಹೆಂಡತಿ ಒಳಗಿನಿಂದ ಕೇಳಿಸಿಕೊಂಡಿದ್ದಳು. "ಸರೆ, ಬತ್ತೀನಿ" ಅಂದು ಸೀರೆ ಬದಲಿಸಿಕೊಂಡು ಬಂದಳು. ಅವಳಿಗೆ ಬರಬೇಕೆಂದಿತ್ತೋ, ಬೇಡ ಎನ್ನುವಷ್ಟು ತ್ರಾಣವಿರಲಿಲ್ಲವೋ, ನನಗೆ ತಿಳಿಯಲಿಲ್ಲ.

ಸೆಂಟರಿನಲ್ಲಿ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಕೇಳಿದಳು.

"ಇದೇನು, ಮೈನ್ಸ್ ಒಳಗಡೇನಾ?"

"ಅಂತದ್ದೇ. ನೆಲಮಾಳಿಗೆ."

"ಅದೇ ಗೋಡೆ ಹತ್ರ ಮತ್ತೆ ಬಂದ್ರಲ್ಲ?"

ನಿಜವೇ. ನಾನು ಅನೇಕ ಭಾನುವಾರಗಳಿಂದ ಒಂದೇ ಕಡೆ ಸುತ್ತುತ್ತಿದ್ದೆ. ನಕ್ಷೆ ಬರೆದುಕೊಳ್ಳದೆ ಆ ಆಟ ಆಡಲಾಗದು. ನನಗೆ ಬರೆಯುವ ಉಮೇದಿರಲಿಲ್ಲ, ಹಾಗಾಗಿ ದಾರಿ ತಪ್ಪುವುದು, ತಂಡ ಸಾಯುವುದು, ಹೊಸ ತಂಡ ಕಟ್ಟುವುದು ಇದೇ ನಡೆದಿತ್ತು. ಅವಳು ಪ್ರಿಂಟರಿನ ಪಕ್ಕ ಬಿದ್ದಿದ್ದ ರದ್ದಿ ಕಾಗದ ಎಳೆದುಕೊಂಡಳು, ಎರಡು ಅಂಚಿನಲ್ಲೂ ಸಾಲಾಗಿ ತೂತಿರುವ ಉದ್ದನೆಯ ಕಾಗದ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟಳು. ರಂಗೋಲಿಗೆ ಇಡುವ ಹಾಗೆ, ಅಳತೆ ಕೋಲಿಲ್ಲದೆ, ಸಮ ಅಂತರದಲ್ಲಿ.

"ಈಗ ಒಂದೆಜ್ಜೆ ಮುಂದಕ್ಕೋಗ್ರಿ" ಅಂದಳು.

ನಾನು ಒತ್ತಿದೆ. ಅವಳು ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದಳು.

ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಹಾಗೇ. ನಾನು ಕೀಲಿ ಒತ್ತುವುದು, ಅವಳು ಗೆರೆ ಎಳೆಯುವುದು. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಳು, ಅರ್ಥ ನಾನು ಹೇಳುತ್ತಿದ್ದೆ. ತಂಡದವರನ್ನು ಅವರವರ ಕಸುಬಿನ ಮೇಲೆ ಕರೆಯತೊಡಗಿದಳು. ಮುಂದಿದ್ದ ಮೂವರು ಕತ್ತಿಯವರು, ಹಿಂದೆ ಕಳ್ಳ, ಮಂತ್ರಗಾರ, ಪೂಜಾರಿ. ಗಾಯವಾದವರನ್ನು ವಾಸಿ ಮಾಡುವವನು ಪೂಜಾರಿ. "ಪೂಜಾರಿಗೆ ಸುಸ್ತಾಗೈತೆ, ಮ್ಯಾಕ್ಕೋಗಾಣ" ಅನ್ನುವಳು. ಮೇಲೆ ಹೋಗಿ ಅವರನ್ನು ಆಟದೊಳಗಿನ ಊರಿನ ಛತ್ರದಲ್ಲಿ ಮಲಗಿಸಿ ನಾವು ಕಟ್ಟಿಕೊಂಡು ಹೋದ ಮುದ್ದೆ ಬಿಚ್ಚುತ್ತಿದ್ದೆವು. ಕರೆಂಟು ಹೋದರೆ ಕತ್ತಲಾದ ಪರದೆಯ ಮುಂದೆ ಹಾಗೇ ಕೂತಿರುತ್ತಿದ್ದೆವು. ಬಂದಾಗ ಫ್ಲಾಪಿಯಲ್ಲಿ ಉಳಿದಿದ್ದಲ್ಲಿಂದ ಮತ್ತೆ ಶುರು. ಆಟದ ಮಾತು ಬಿಟ್ಟು ಬೇರೆ ಮಾತು ಇನ್ನೂ ಹುಟ್ಟಿರಲಿಲ್ಲ. ಆದರೂ ಇಡೀ ವಾರದಲ್ಲಿ ನಾವಿಬ್ಬರೂ ಒಟ್ಟಿಗೆ ಏನಾದರೂ ಮಾಡುತ್ತಿದ್ದದ್ದು ಅದೊಂದೇ.

ತುಂಬ ಕೆಳಗಿನ ಅಂತಸ್ತೊಂದರಲ್ಲಿ ಪೂಜಾರಿ ಸತ್ತ. ಬಾಗಿಲು ತೆರೆದದ್ದೇ ತಡ, ಏನೋ ಮೇಲೆರಗಿತು. ಅವನ ಅಕ್ಷರದ ಮುಂದೆ ಸತ್ತ ಎಂದು ಬಂತು. ಹೆಂಡತಿಯ ಪೆನ್ಸಿಲು ನಿಂತಿತು.

"ಎಬ್ಬಿಸ್ಬೋದಾ?"

"ಮೇಲೆ ಊರಲ್ಲಿ ಗುಡಿ ಐತೆ. ಅಲ್ಲಿ ಎಬ್ಬಿಸ್ತಾರೆ. ಒಂದೊಂದ್ಸಲ ಆಗಲ್ಲ."

"ಎತ್ಕೊಂಡೋಗಾಣ."

ಅವಳ ಗೆರೆಗಳನ್ನೇ ಹಿಡಿದು ಒಂದೊಂದೇ ಅಂತಸ್ತು ಹತ್ತಿ ಅವನನ್ನು ಮೇಲಕ್ಕೆ ತಂದೆವು. ಗುಡಿಯಲ್ಲಿ ಕೇಳಿದ ಚಿನ್ನ ಕೊಟ್ಟೆವು. ಪರದೆಯ ಮೇಲೆ ಏನೋ ಗೊಣಗಿದಂತೆ ಸಾಲುಗಳು ಬಂದವು. ಪೂಜಾರಿ ಎದ್ದೇಳಲಿಲ್ಲ, ಬೂದಿಯಾದ. ಬೂದಿಯಿಂದಲೂ ಒಂದು ಸಲ ಎಬ್ಬಿಸಲು ನೋಡಬಹುದು, ಉಳಿದ ಚಿನ್ನವನ್ನೆಲ್ಲ ಕೊಟ್ಟರೆ. ಅವಳು ತಲೆ ಆಡಿಸಿದಳು. ಕೊಟ್ಟೆವು. ಆಗಲಿಲ್ಲ. ಆಮೇಲೆ ಆ ಆಟ ಅವನ ಅಕ್ಷರವನ್ನೇ ಪಟ್ಟಿಯಿಂದ ಅಳಿಸಿತು. ಅವನಿದ್ದ ಸಾಲು ಖಾಲಿಯಾಯಿತು.

ಹೊರಗೆ ಪೇಟೆಯಲ್ಲಿ ಯಾರೋ ತಮಿಳಿನಲ್ಲಿ ಕೊತ್ತಂಬರಿ ಸೊಪ್ಪು ಕೂಗಿಕೊಂಡು ಹೋದರು.

"ಇನ್ನೊಬ್ಬ ಪೂಜಾರೀನ ಮಾಡ್ಕೋಬೋದು" ಅಂದೆ. "ಎಲ್ರೂ ಅಂಗೇ ಮಾಡ್ತಾರೆ."

ಅವಳು ಆ ಖಾಲಿ ಸಾಲನ್ನು ನೋಡುತ್ತಿದ್ದಳು. "ಬ್ಯಾಡ. ಐದೇ ಜನ ಓಗಾಣ" ಅಂದಳು.

ವಾಸಿ ಮಾಡುವವನಿಲ್ಲದೆ ಕೆಳಗಿಳಿಯುವುದು ಹುಚ್ಚುತನ ಎಂದು ನನಗೆ ಗೊತ್ತಿತ್ತು. ಸರಿ ಅಂದೆ.

ಸೆಂಟರಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳವಳು. ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ. ಹೊಸ ಕಂಪ್ಯೂಟರುಗಳಿಗೆ ಬಂದ ಆಟಗಳನ್ನೆಲ್ಲ ಅವಳು ಆಡಿ ಮುಗಿಸಿದ್ದಳು. ಸೋಮವಾರ ಮೇಜಿನ ಮೇಲೆ ಮರೆತಿದ್ದ ನಕ್ಷೆ ಕಂಡು ಕೇಳಿದಳು.

"ಸಾರ್, ನಿಜ ಹೇಳಿ. ಇಷ್ಟು ಹಳೇ ಗೇಮು ಈಗ ಹೊಸದಾಗಿ ಶುರು ಮಾಡೋರಿಗೆ ಆಡೋ ಹಾಗಿದ್ಯಾ?"

ನಾನು ಪಾಠದ ಹಾಗೇ ಹೇಳಿದೆ. "ಬಣ್ಣ ಇಲ್ಲ. ಸದ್ದು ಅಂದ್ರೆ ಟಕ್ ಅಂತದೆ, ಅಷ್ಟೆ. ಏನ್ ಮಾಡ್ಬೇಕು ಅಂತ ಅದು ಹೇಳಲ್ಲ. ತಪ್ಪು ಮಾಡಿದ್ರೆ ತಿಂಗಳುಗಟ್ಟಲೆ ಮಾಡಿದ್ದು ಹೋಗುತ್ತೆ, ವಾಪಸ್ ಬರಲ್ಲ."

"ಫ್ಲಾಪಿ ಕಾಪಿ ಇಟ್ಕೊಂಡ್ರೆ ಬರುತ್ತಲ್ಲ ಸಾರ್? ಸತ್ರೆ ಹಳೇ ಕಾಪಿ ಹಾಕೋದು."

ಅದು ನನಗೆ ಹೊಳೆದಿರಲಿಲ್ಲ. ಕಾಪಿ ಮಾಡುವುದನ್ನು ದಿನವೂ ಹುಡುಗರಿಗೆ ಕಲಿಸುತ್ತಿದ್ದವನು ನಾನೇ.

"ಹಾಗಾದ್ರೆ ಆಡಬೇಡಿ ಅಂತೀರಾ?" ಅಂದಳು.

"ಆಡು. ನೀನು ಕೂತ್ಕೊಂಡ್ರೆ ಅದೂ ಕೂತಿರುತ್ತೆ. ನೀನು ಒತ್ತೋವರ್ಗೂ ಏನೂ ಅಲ್ಲಾಡಲ್ಲ. ಈಗಿನ ಗೇಮಲ್ಲಿ ಹಂಗಿಲ್ಲ, ಸುಮ್ನಿದ್ರೆ ಬಂದು ಹೊಡೀತವೆ."

ಅವಳಿಗೆ ನಗು ಬಂತು. "ಅದು ಒಳ್ಳೇ ಗುಣಾನಾ ಸಾರ್?" ಅಂದಳು. ಊಟದ ಬಿಡುವಿನಲ್ಲಿ ಒಂದೆರಡು ದಿನ ಆಡಿದಳು. ಅವಳ ತಂಡ ಮೊದಲ ತಿರುವಿನಲ್ಲೇ ಸತ್ತಿತು, ಮತ್ತೊಂದು ತಂಡವೂ ಸತ್ತಿತು. "ಕಥೆ ಎಲ್ಲಿದೆ ಸಾರ್ ಇದರಲ್ಲಿ?" ಎಂದು ಬಿಟ್ಟುಬಿಟ್ಟಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಖುಷಿಯಾಗಿರುವವರಿಗೆ ಅದು ಬೇಜಾರಿನ ಆಟ. ಇಂದು ಯಾರಾದರೂ ಕೇಳಿದರೂ ನಾನು ಇಷ್ಟೇ ಹೇಳಿಯೇನು. ನನಗೆ ಆಗ ಬೇಕಾಗಿದ್ದದ್ದು ನನ್ನಿಂದ ಏನನ್ನೂ ಬಯಸದ ಒಂದು ವಸ್ತು. ಅದು ಆ ಮೂಲೆಯಲ್ಲಿ ಸಿಕ್ಕಿತು.

ಮುಂದಿನ ಭಾನುವಾರ ರೈಲಿನಲ್ಲಿ ಹೆಂಡತಿಗೆ ಕಾಪಿಯ ವಿಷಯ ತಿಳಿಸಿದೆ. ಇನ್ನು ಮೇಲೆ ಹೀಗೆ ಮಾಡಿಟ್ಟುಕೊಂಡರೆ ಯಾರು ಸತ್ತರೂ ಹಿಂದಕ್ಕೆ ಹೋಗಬಹುದು ಎಂದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಕೋರಮಂಡಲ್ ಸ್ಟೇಷನ್ ಬಂತು, ಹೋಯಿತು. ನಾನು ಕಾಪಿ ಮಾಡಲಿಲ್ಲ.

ಐದು ಜನರೊಂದಿಗೆ ಬಹಳ ನಿಧಾನವಾಗಿ ಇಳಿದೆವು. ಸ್ವಲ್ಪ ಏಟು ಬಿದ್ದರೂ ಮೇಲೆ ಬಂದು, ಮಲಗಿಸಿ, ಮತ್ತೆ ಇಳಿಯುವುದು. ಮಳೆಗಾಲ ಹೋಗಿ ಚಳಿ ಬಂತು. ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ತಳದ ಅಂತಸ್ತು ತಲುಪಿದೆವು. ಮಾಂತ್ರಿಕನ ಬಾಗಿಲ ಮುಂದೆ ನಿಂತು ಅವಳ ಮುಖ ನೋಡಿದೆ. "ಒತ್ತಿ" ಅಂದಳು. ಒತ್ತಿದೆ. ಹೊಡೆದಾಟ ನಾನೆಣಿಸಿದ್ದಕ್ಕಿಂತ ಬೇಗ ಮುಗಿಯಿತು. ಕಳ್ಳ ಸತ್ತ, ಆಮೇಲೆ ಮಾಂತ್ರಿಕ ಸತ್ತ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಅಭಿನಂದನೆ ಬಂತು. ಉಳಿದವರ ಅಕ್ಷರದ ಪಕ್ಕ ಒಂದು ಸಣ್ಣ ಗುರುತು ಬಂತು. ಅಷ್ಟರಲ್ಲಿ ಆಟ ನಮ್ಮನ್ನು ಮತ್ತೆ ಮೇಲಿನ ಊರಿನಲ್ಲಿ ತಂದು ನಿಲ್ಲಿಸಿತ್ತು.

"ಮುಗೀತಾ?"

"ಮುಗೀತು."

"ಅಷ್ಟೇನಾ?"

"ಅಷ್ಟೇ."

ಗುಡಿಗೆ ಹೋಗಿ ಕಳ್ಳನನ್ನು ಎಬ್ಬಿಸಿದೆವು. ಅವನು ಮೊದಲ ಸಲಕ್ಕೇ ಎದ್ದ. ಅವಳು ಪೆನ್ಸಿಲು ಮೇಜಿನ ಮೇಲಿಟ್ಟು, ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಅಮ್ಮ ಅವನ್ನು ಒಂದೊಂದಾಗಿ ಒಲೆ ಹಚ್ಚಲು ಬಳಸಿದಳು. ನಾವಿಬ್ಬರೂ ಬೇಡ ಅನ್ನಲಿಲ್ಲ. ಆ ಕಂಪ್ಯೂಟರ್ ಬೇಸಗೆಯಲ್ಲಿ ಒಂದು ದಿನ ಸುಟ್ಟ ವಾಸನೆ ಬಿಟ್ಟು ನಿಂತಿತು. ಮಾಲೀಕರು ಗುಜರಿಗೆ ಹಾಕಿದರು.

ಆಟ ಮುಗಿದ ಮರುವಾರ, ಭಾನುವಾರ ಬೆಳಿಗ್ಗೆ, ಇಬ್ಬರೂ ಎದ್ದೆವು. ಎಲ್ಲಿಗೂ ಹೋಗುವುದಿರಲಿಲ್ಲ. ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದು ಅವಳು ಕುಡುಗೋಲು ತೆಗೆದುಕೊಂಡಳು. "ಉಲ್ಲು ಕುಯ್ಯೋಕೋಗ್ತೀನಿ" ಅಂದಳು. ನಾನೂ ಬರ್ತೀನಿ ಅಂದೆ.

ಬಾವಿ ಪಕ್ಕದ ಸೀಮೆಹುಲ್ಲು ಎದೆಯೆತ್ತರ ಬೆಳೆದಿತ್ತು. ಅವಳು ಕುಯ್ಯುತ್ತಾ ಹೋದಳು, ನಾನು ಹಿಂದೆ ಕಂತೆ ಮಾಡುತ್ತಾ ಹೋದೆ. ಸಾಲಿನ ನಡುವೆ ಅವಳ ಕೈ ನಿಂತಿತು. ಹುಲ್ಲು ಚುಚ್ಚಿತೇನೋ ಎಂದು ನೋಡಿದೆ. ಅಳುತ್ತಿದ್ದಳು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ, ಅವರಪ್ಪ ಅಮ್ಮ ಬಂದಾಗಲೂ ಅತ್ತಿರಲಿಲ್ಲ. ಈಗ ಬಾಯಿ ತೆರೆದು, ಸದ್ದು ಮಾಡಿಕೊಂಡು, ಸಣ್ಣ ಹುಡುಗಿಯ ಹಾಗೆ ಅತ್ತಳು. "ಅವನ ಮುಖ ನಂಗೆ ತೋರಿಸ್ನೇ ಇಲ್ಲ" ಅಂದಳು. "ನೀವು ನೋಡಿದ್ರಲ್ಲ, ಎಂಗಿದ್ದ ಏಳಿ."

ನಾನು ಹೇಳಿದೆ. ತಲೆಗೂದಲು ತುಂಬ ಇತ್ತು, ಮೂಗು ಅವಳದೇ ಅಂತ. ಕಿವಿ ಹೇಗಿತ್ತು ಅಂದಳು, ಅದನ್ನೂ ಹೇಳಿದೆ. ಅವಳು ಅಳುತ್ತಲೇ ಕೇಳಿಸಿಕೊಂಡಳು. ನನಗೆ ಅಳು ಬರಲಿಲ್ಲ. ಬರುತ್ತದೇನೋ ಎಂದು ಕಾದೆ. ಅವಳ ಕೈಯಿಂದ ಕುಡುಗೋಲು ತೆಗೆದುಕೊಂಡು ಆ ಸಾಲಿನ ಉಳಿದ ಹುಲ್ಲನ್ನು ನಾನೇ ಕುಯ್ದೆ.