ಫ್ಯಾನಿಗೆ ಅಡ್ಡವಿದ್ದ ಬಟ್ಟೆ

ಅಥವಾ ಕಂಪ್ಯೂಟರಿನ ಆ ಕಾಟ ಶುರುವಾದದ್ದು ವಿಜಯವಾಡದಲ್ಲೇ ಇರಬಹುದು. ಅಲ್ಲಿ ಪಟಮಟದ ಬಾಡಿಗೆ ಮನೆಯಲ್ಲಿ ಅದರ ಫ್ಯಾನು ಜೋರಾಗಿ ಕೂಗುತ್ತಿದ್ದದ್ದು ನೆನಪಿದೆ. ಆದರೆ ಅದೇ ನೆನಪಿನೊಳಗೆ ಕಿಟಕಿಯಿಂದ ಸಮುದ್ರದ ಗಾಳಿಯೂ ಬರುತ್ತದೆ. ವಿಜಯವಾಡದಲ್ಲಿ ಸಮುದ್ರವಿಲ್ಲ. ಹಾಗಾಗಿ ಇದನ್ನು ನಾನು ಪೂರ್ತಿ ನಂಬುವುದಿಲ್ಲ.

ನಂಬಬಹುದಾದದ್ದು ಇಷ್ಟು. ಬ್ಯಾಂಕಿನ ವರ್ಗಾವಣೆಯಲ್ಲಿ ನಾವು ಅಲ್ಲಿಂದ ವಿಶಾಖಪಟ್ಟಣದ ಮಧುರವಾಡಕ್ಕೆ ಬಂದೆವು. ಭಾನುವಾರ ಹಾವೇರಿಯಲ್ಲಿರುವ ಅವ್ವನ ಜೊತೆ ವಿಡಿಯೋದಲ್ಲಿ ಮಾತಾಡುವಾಗ ಕಂಪ್ಯೂಟರ್ ತಾನಾಗಿ ಆರಿಹೋಗತೊಡಗಿತು. ಮನೆಯ ಮೂವರೂ ಒಟ್ಟಿಗೆ ಕಾಣಲೆಂದು ಮೊಬೈಲ್ ಬಿಟ್ಟು ಅದರ ಮುಂದೆ ಕೂರುತ್ತಿದ್ದೆವು. ಅವ್ವ ಮೊಮ್ಮಗಳನ್ನು ಏನಾದರೂ ಕೇಳುವಳು. ಇಂಟರ್, ಅಂದರೆ ನಮ್ಮ ಪಿಯುಸಿ, ಓದುತ್ತಿದ್ದ, ಕನ್ನಡಕ್ಕಿಂತ ತೆಲುಗೇ ಸಲೀಸಾದ ಮಗಳು ಉತ್ತರಕ್ಕೆ ತಡವರಿಸುವಳು. ಅಷ್ಟರಲ್ಲಿ ಪರದೆ ಕಪ್ಪು.

ಒಮ್ಮೆ ಹಾಗಾದ ಮೇಲೆ ಅವ್ವ ನನ್ನ ಮೊಬೈಲಿಗೆ ಫೋನ್ ಮಾಡಿದಳು.

“ಆ ಹುಡುಗಿಗೆ ನನ್ನ ಕೂಡ ಮಾತಾಡೂದು ಬ್ಯಾಡಾಗಿದ್ರ ನೆಟ್ಟಗ ಹೇಳಿಬಿಡೊ. ಮಷಿನ್ನಿನ ಮ್ಯಾಲೆ ಯಾಕ ಹಾಕ್ತಿ?”

“ಬಿಸಿ ಆಗಿ ಬಂದ್ ಆಗತೈತಿ ಅವ್ವಾ.”

“ನಾ ಬಾಯಿ ತಗದ ಕೂಡ್ಲೇ ಬಿಸಿ ಆಗತೈತೇನು?”

ನನಗೆ ನಗು ಬಂತು. ಅವಳು ನಗಲಿಲ್ಲ. ತಪ್ಪು ಮಗಳದಲ್ಲ, ಯಂತ್ರದ್ದೇ ಎಂದು ಅವಳಿಗೆ ತೋರಿಸಲೇಬೇಕಾಗಿತ್ತು. ಅದಕ್ಕೇ ಬಿಚ್ಚಿದೆ.

ಪ್ಲಗ್ ಕಿತ್ತು, ಮೇಜಿನ ಕೆಳಗಿನ ಗೂಡಿನಿಂದ ಹೊರಗೆಳೆದು, ಪಕ್ಕದ ತಗಡು ತೆಗೆದೆ. ಅದರ ಸ್ಕ್ರೂ ಮೊದಲೇ ಸಡಿಲವಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಮೇಲೆ ನಾನೇ ಸೇರಿಸಿಕೊಂಡ ವಿವರವೂ ಇರಬಹುದು. ಒಳಗಿನ ಧೂಳು ಉಪ್ಪುಗಾಳಿಯ ತೇವಕ್ಕೆ ಅಂಟಿ ಕಂಬಳಿಯಂತಾಗಿತ್ತು. ಬ್ರಷ್ಷಿನಿಂದ ಅದನ್ನು ಕೆದಕುತ್ತ ಹಿಂದಿನ ಫ್ಯಾನಿನ ತನಕ ಹೋದಾಗ ಕೈ ನಿಂತಿತು. ಬಿಸಿಗಾಳಿಯನ್ನು ಹೊರದೂಡಬೇಕಾದ ಆ ಫ್ಯಾನಿಗೆ ಅಡ್ಡಲಾಗಿ, ವೈರುಗಳ ಗಂಟಿಗೆ ಸಿಕ್ಕಿಸಿ, ಅಚ್ಚುಕಟ್ಟಾಗಿ ಮಡಿಸಿಟ್ಟ ಬಟ್ಟೆ. ಅವ್ವನ ಹಳೆಯ ಸೀರೆಯ ಚೂರು.

ವರ್ಗಾವಣೆಯ ಸಂಸಾರ ನಮ್ಮದು. ಸಾಮಾನು ಕಟ್ಟುವಾಗ ಕೊಡ, ಕುಕ್ಕರ್, ಮಿಕ್ಸಿ ಜಾರು, ಟೊಳ್ಳಾದ ಎಲ್ಲದರೊಳಗೂ ಅವ್ವ ಕೊಟ್ಟ ಹಳೇ ಸೀರೆಯ ಚೂರು ತುರುಕುತ್ತೇವೆ.

“ಇದನ್ನ ನೀ ಇಟ್ಟಿದ್ದೇನು?” ಹೆಂಡತಿಯನ್ನು ಕೇಳಿದೆ.

“ನಾ ಅಡಗಿ ಸಾಮಾನ ಅಷ್ಟ ಕಟ್ಟಿದ್ದು. ನಿಮ್ಮ ಕಂಪ್ಯೂಟರ್ ಒರಸಾಕೂ ಬಿಡಂಗಿಲ್ಲ ನೀವು, ತುರುಕಾಕ ಬಿಡ್ತೀರೇನು?”

ಸಾಮಾನು ಕಟ್ಟುವಾಗಲೇ ಬಟ್ಟೆ ಒಳಸೇರಿದ್ದರೆ ಮೊದಲಿನಿಂದಲೇ ಕಂಪ್ಯೂಟರ್ ಆರಬೇಕಿತ್ತು. ಆದರೆ ಮಧುರವಾಡಕ್ಕೆ ಬಂದ ಮೊದಲ ತಿಂಗಳುಗಳಲ್ಲಿ ಅದು ಆರಿರಲಿಲ್ಲ. ಆಗ ಚಳಿಗಾಲವಿತ್ತು, ನಿಜ.

ಬಾಗಿಲಲ್ಲಿ ನಿಂತಿದ್ದ ಮಗಳು ಬಟ್ಟೆಯನ್ನೇ ನೋಡುತ್ತಿದ್ದಳು. “ಪಪ್ಪಾ, ಅದ ತಗದ್ರ ಇನ್ನ ಆಫ್ ಆಗಂಗಿಲ್ಲಾ?”

“ಆಗಂಗಿಲ್ಲ.”

“ಸರೇ,” ಎಂದು ತೆಲುಗಿನಲ್ಲಿ ಅಂದು ಒಳಗೆ ಹೋದಳು.

ನಾನು ಬಟ್ಟೆಯನ್ನು ವೈರುಗಳಿಂದ ಬಿಡಿಸಿ ತೆಗೆದೆ. ಅವ್ವನ ಅನುಮಾನವನ್ನು ಸುಳ್ಳು ಮಾಡಲು ಬಿಚ್ಚಿದ್ದ ಡಬ್ಬಿ ಅದು; ಈಗ ಅದೇ ಅನುಮಾನ ನನಗೂ ಹತ್ತಿತ್ತು. ಬಟ್ಟೆಯನ್ನು ಪಕ್ಕಕ್ಕಿಟ್ಟು ಉಳಿದ ಕೆಲಸ ಮುಗಿಸಿದೆ. ಕಂಪ್ಯೂಟರನ್ನು ಮತ್ತೆ ಗೂಡಿಗೆ ಸೇರಿಸದೆ, ಸಿಂಹಾಚಲಂ ಬೆಟ್ಟದ ಕಡೆಯ ಕಿಟಕಿಯ ಹತ್ತಿರ, ಗೋಡೆಯಿಂದ ಗೇಣು ದೂರದಲ್ಲಿಟ್ಟೆ.

ಮುಂದಿನ ಭಾನುವಾರ ಪರದೆಯಲ್ಲಿ ಅವ್ವ ಮೊಮ್ಮಗಳನ್ನು ಕೇಳಿದಳು: “ಊಟಾತೇನವಾ?”

“ಅಯಿಂದಿ... ಆತು, ಅಜ್ಜಿ.”

“ಏನ ಉಂಡಿ?”

ಮಗಳು ಪರದೆಯ ಮೂಲೆ ನೋಡಿದಳು, ಈಗ ಆರುತ್ತದೆ ಎಂದು ಕಾಯುವವಳಂತೆ. ಅಥವಾ ಪದ ಹುಡುಕುತ್ತಿದ್ದಳು. ಪರದೆ ಆರಲಿಲ್ಲ.

“ತೆಲುಗಿನ್ಯಾಗರ ಹೇಳವಾ. ನನಗ ತಿಳೀದಿದ್ರ ನಿಮ್ಮಪ್ಪ ಹೇಳತಾನ.”

“ಗೋಂಗೂರ ಪಪ್ಪು.”

“ಪುಂಡಿಪಲ್ಯ, ಬ್ಯಾಳಿ ಹಾಕಿದ್ದು,” ಎಂದೆ.

“ನಂದೂ ಇವತ್ತ ಅದ,” ಎಂದಳು ಅವ್ವ.

ತಪ್ಪು ಮಷಿನ್ನಿನದೇ ಇತ್ತೆಂದು ಅವಳಿಗೆ ಹೇಳಿದೆ. ಬಟ್ಟೆಯ ವಿಷಯ ಹೇಳಲಿಲ್ಲ. ಮಗಳನ್ನೂ ಕೇಳಿಲ್ಲ. ಪಟಮಟದಲ್ಲಿ ಸಾಮಾನು ಕಟ್ಟುವಾಗ ನಾನೇ ಅದನ್ನು ತುರುಕಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ; ಆ ನೆನಪಿನಲ್ಲೂ ಸಮುದ್ರದ ಗಾಳಿ ಬೀಸುತ್ತದೆ. ಅದನ್ನು ಅಲ್ಲಿಟ್ಟವರು ಯಾರೆಂದು ನನಗೆ ಗೊತ್ತಿಲ್ಲ.